ನಾರ್ವೆಯ ಹಳೆಯ ಮದುವೆ ದಾಖಲೆಗಳು: 7 ಕಂಡೊಡನೆ ಜುಲೈ ಎಂದುಕೊಳ್ಳಬೇಡಿ

ನನ್ನ ಪತಿಯ ಪೂರ್ವಿಕರು ನಾರ್ವೆಯ ಗುಡ್‌ಬ್ರಾಂಡ್ಸ್‌ಡಾಲೆನ್ ಕಣಿವೆಯ ರೈತರು. ಅವರ ವಂಶಾವಳಿ ಬರೆಯುವಾಗ 1787ರ ಒಂದು ಮದುವೆಯ ದಾಖಲೆಯನ್ನು, ಹಳೆಯ ಗೋಥಿಕ್ ಕೈಬರಹ ಬಲ್ಲವರೊಬ್ಬರಿಗೆ ಹಣ ಕೊಟ್ಟು ಓದಿಸಿದೆವು. ಅವರು ತಿಳಿಸಿದ ತಾರೀಖು ಜುಲೈ 16. ಚರ್ಚ್ ಪುಸ್ತಕದ ಮೂಲ ಪುಟದ ಚಿತ್ರ ನಾರ್ವೆಯ ರಾಷ್ಟ್ರೀಯ ದಾಖಲೆ ಭಂಡಾರದ ಡಿಜಿಟಲಾರ್ಕಿವೆಟ್ ತಾಣದಲ್ಲಿ ಉಚಿತವಾಗಿ ಸಿಗುತ್ತಿದ್ದರೂ ನಾವು ತೆರೆದು ನೋಡಲಿಲ್ಲ.

ಅದೇ ದಂಪತಿಯ ಹೆಸರಿನಲ್ಲಿ ಆಗಸ್ಟ್‌ನಲ್ಲಿ ಒಂದು ಹೆಣ್ಣುಮಗುವಿನ ದೀಕ್ಷಾಸ್ನಾನ ದಾಖಲಾಗಿತ್ತು. ಆದರೆ ಅಲ್ಲಿ ತಂದೆತಾಯಿ ಅವಿವಾಹಿತರೆಂದು ಬರೆದಿತ್ತು. ಜುಲೈನಲ್ಲೇ ಮದುವೆಯಾದವರು ಇವರಾಗಿರಲಾರರು ಎಂದು ಆ ಮಗುವನ್ನು ಬಿಟ್ಟು, ಬೇರೊಂದು ಹೊಲಮನೆಯ ಅದೇ ಹೆಸರಿನ ಹುಡುಗಿಯ ಸಂತತಿಯನ್ನು ಎರಡು ವರ್ಷ ಬೆನ್ನುಹತ್ತಿದೆವು. ತಂದೆಯ ಹೆಸರಿಗೆ ‘ಸೆನ್’ ಅಥವಾ ‘ದಾಟರ್’ ಸೇರಿಸಿ ಕರೆಯುತ್ತಿದ್ದ ಆ ಕಾಲದಲ್ಲಿ ಒಂದೇ ಹೆಸರಿನವರು ಒಂದೇ ಊರಿನಲ್ಲಿ ಹಲವರಿರುತ್ತಿದ್ದುದರಿಂದ, ಯಾರು ಯಾರೆಂದು ಹೇಳಲು ತಾರೀಖೇ ಆಧಾರವಾಗಿತ್ತು.

ಕೊನೆಗೆ ಪುಟ ತೆರೆದಾಗ, ತಿಂಗಳ ಜಾಗದಲ್ಲಿದ್ದ ಏಳರ ಅಂಕಿಗೆ ‘ಬಿ’, ‘ಆರ್’ ಅಕ್ಷರಗಳು ಅಂಟಿಕೊಂಡಿದ್ದವು. ಲ್ಯಾಟಿನ್ನಿನಲ್ಲಿ ಸೆಪ್ಟೆಮ್ ಎಂದರೆ ಏಳು. ಪಾದ್ರಿಗಳು ಸೆಪ್ಟೆಂಬರನ್ನು ಹೀಗೆ ಚುಟುಕಾಗಿ ಬರೆಯುತ್ತಿದ್ದರು, ಹಾಗೆಯೇ 8 ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್. ನನ್ನ ಅನುಮಾನ ತೀರಿದ್ದು ಅದೇ ಪುಟದಲ್ಲಿ ಇದರ ಮೇಲಿದ್ದ ದಾಖಲೆಯಿಂದ: ಅದರಲ್ಲಿ ತಾರೀಖೇ ಇರದೆ, ‘ತ್ರಿಯೇಕ ಭಾನುವಾರದ ನಂತರದ ಹದಿಮೂರನೆಯ ಭಾನುವಾರ’ ಎಂಬುದರ ಲ್ಯಾಟಿನ್ ಸಂಕ್ಷೇಪವಿತ್ತು. 1787ರ ಈಸ್ಟರ್ ಏಪ್ರಿಲ್ 8, ಅಲ್ಲಿಂದ ಎಂಟನೆಯ ಭಾನುವಾರವಾದ ಜೂನ್ 3 ತ್ರಿಯೇಕ ಭಾನುವಾರ, ಅದರಿಂದ ಹದಿಮೂರು ವಾರಕ್ಕೆ ಸೆಪ್ಟೆಂಬರ್ 2. ಕೆಳಗಿನ ದಾಖಲೆ ಸಂತ ಮಿಕಾಯೇಲನ ಹಬ್ಬದ್ದು, ಅಂದರೆ ಸೆಪ್ಟೆಂಬರ್ 29. ದಾಖಲೆಗಳು ಕ್ರಮವಾಗಿ ಸಾಗುವ ಪುಸ್ತಕದಲ್ಲಿ ಇವೆರಡರ ನಡುವೆ ಜುಲೈಗೆ ಜಾಗವೇ ಇಲ್ಲ. ಬಿಟ್ಟುಬಿಟ್ಟ ಆ ಮಗುವೇ ನಮ್ಮ ಮಾವನವರ ವಂಶದ ಮೂಲ.

ಆದ್ದರಿಂದ ಯಾರೇ ಓದಿಕೊಟ್ಟರೂ ಅದೇ ಪಾದ್ರಿಯ ಹಿಂದುಮುಂದಿನ ಕೆಲವು ಪುಟಗಳನ್ನು ನೀವೇ ನೋಡಿ, ಆ ಪಾದ್ರಿ ಒಂದು, ಏಳುಗಳನ್ನು ಹೇಗೆ ಬರೆಯುತ್ತಿದ್ದರೆಂದು ಗುರುತಿಸಿಕೊಳ್ಳಿ. 1812ರ ಆದೇಶದ ಬಳಿಕ ಅಂಕಣಗಳಿರುವ ಅಚ್ಚಿನ ನಮೂನೆ ಬಂದು ಓದು ಸುಲಭವಾಗುತ್ತದೆ. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ಒಂದೇ ದಾಖಲೆಗೆ ಎರಡು ತಾರೀಖುಗಳೂ ಇರಬಹುದು. ‘ತ್ರೂಲೊವೆದೆ’ ಎಂಬುದರ ಪಕ್ಕದ್ದು ನಿಶ್ಚಿತಾರ್ಥದ ದಿನ, ‘ಕೊಪುಲೆರೆದೆ’ ಎಂಬುದರ ಪಕ್ಕದ್ದು ಮದುವೆಯ ದಿನ.