5 ಕೆಜಿ ಕೋಕೋಪೀಟ್ ಬ್ಲಾಕ್: ಎರಡು ವರ್ಷ ಬಳಸಿದ ಮೇಲೆ (5ಕ್ಕೆ 3½)

ಕೋಕೋಪೀಟ್ ಎಂದರೆ ಮಣ್ಣಿನ ಬದಲು ಗಿಡ ಬೆಳೆಸಲು ಬಳಸುವ ತೆಂಗಿನ ಸಿಪ್ಪೆಯ ಪುಡಿ. ಲೇಬಲ್ಲಿನ ಮೇಲೆ ‘ವಾಶ್ಡ್, ಲೋ ಇಸಿ, 75 ಲೀಟರ್’ ಎಂದಿದೆ (ಇಸಿ ಎಂದರೆ ವಿದ್ಯುತ್ ವಾಹಕತೆ, ಕರಗಿದ ಉಪ್ಪಿನ ಅಳತೆ). ಆ 75 ಲೀಟರ್ ಸಿಗುವುದು ನೆನೆಸಿದ ಪುಡಿಯನ್ನು ಉದುರಿಸಿ, ಒತ್ತದೆ ಅಳೆದರೆ ಮಾತ್ರ. ಚೀಲಕ್ಕೆ ತುಂಬಿ ಎರಡು ಸಲ ನೀರು ಹಾಕಿದರೆ ಉಳಿಯುವುದು 60ರ ಆಸುಪಾಸು. 12×12 ಇಂಚಿನ ಗ್ರೋ ಬ್ಯಾಗನ್ನು ಮೇಲೆ ಎರಡು ಇಂಚು ಬಿಟ್ಟು ತುಂಬಿದರೆ ಸುಮಾರು 18 ಲೀಟರ್ ಹಿಡಿಯುತ್ತದೆ, ಅಂದರೆ ಬ್ಲಾಕಿಗೆ ಮೂರು ಚೀಲ. ಚೆನ್ನಾಗಿ ನೀರು ಕುಡಿದ ಮೇಲೂ ಚೀಲ 12–13 ಕೆಜಿ ತೂಗುತ್ತದೆ ಅಷ್ಟೆ. ಅದೇ ಮಣ್ಣಿನ ಚೀಲವಾದರೆ ಅದರ ಎರಡರಷ್ಟಕ್ಕೂ ಹೆಚ್ಚು. ತಾರಸಿಯವರಿಗೆ ಇದೊಂದೇ ಕಾರಣ ಸಾಕು.

ತಕರಾರು ಇರುವುದು ‘ಲೋ ಇಸಿ’ ಬಗ್ಗೆ. ಅದು ಸುಳ್ಳಲ್ಲ, ಅರ್ಧ ಸತ್ಯ. ತೆಂಗಿನ ಸಿಪ್ಪೆಯಲ್ಲಿ ಪೊಟ್ಯಾಸಿಯಂ, ಸೋಡಿಯಂ ಸಹಜವಾಗಿಯೇ ಹೆಚ್ಚು. ಅದರಲ್ಲಿ ಒಂದು ಪಾಲು ನೀರಿಗೆ ಬಿಟ್ಟುಕೊಳ್ಳುವ ಉಪ್ಪು. ತೊಳೆದರೆ ಹೋಗುತ್ತದೆ, ಮೀಟರಿಗೆ ಕಾಣುವುದೂ ಅದೇ. ಇನ್ನೊಂದು ಪಾಲು ಕಣಕ್ಕೇ ಅಂಟಿ ಕೂತಿರುತ್ತದೆ, ಬರೀ ನೀರಿಗೆ ಕದಲುವುದಿಲ್ಲ. ಆಮೇಲೆ ಗಿಡಕ್ಕೆಂದು ಕೊಟ್ಟ ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನು ಕಣ ತಾನು ಹಿಡಿದುಕೊಂಡು ಪೊಟ್ಯಾಸಿಯಂ ಬಿಡುತ್ತದೆ. ಆಗ ಕ್ಯಾಲ್ಸಿಯಂ ಸಾಲದೆ ಟೊಮೆಟೊ ಕಾಯಿಯ ತಳ ಮೊದಲು ನೀರು ಕುಡಿದಂತಾಗಿ, ಕಂದು ತಿರುಗಿ, ಕೊನೆಗೆ ಒಣ ಚರ್ಮದ ಹಾಗೆ ಕಪ್ಪಗೆ ಕುಗ್ಗುತ್ತದೆ. ಇದು ರೋಗವಲ್ಲ. ಶಿಲೀಂಧ್ರನಾಶಕ ಹೊಡೆದರೆ ದುಡ್ಡು ದಂಡ.

ಹಾಗಾಗಿ ಬ್ಲಾಕ್ ಬಂದ ಕೂಡಲೇ 25 ಲೀಟರ್ ನೀರಿನಲ್ಲಿ ನೆನೆಹಾಕಿ, ಹಳೆಯ ಸೊಳ್ಳೆಪರದೆಯಲ್ಲಿ ಕಟ್ಟಿ ಹಿಂಡಬೇಕು. ಮೊದಲ ನೀರು ಕಾಫಿ ಡಿಕಾಕ್ಷನ್ ಬಣ್ಣಕ್ಕಿರುತ್ತದೆ (ಸುಣ್ಣ ಬಳಿದ ಗೋಡೆಯ ಪಕ್ಕ ಈ ಕೆಲಸ ಬೇಡ). ಹಿಂಡಿದ ನೀರಿಗೂ ನಲ್ಲಿ ನೀರಿಗೂ ಟಿಡಿಎಸ್ (ಕರಗಿದ ಲವಣಗಳ ಮೊತ್ತ) ಅಂತರ 150 ಪಿಪಿಎಂ ಒಳಗೆ ಬರುವವರೆಗೆ ತೊಳೆಯಿರಿ. ಮೂರು ಸಲಕ್ಕೆ ಬರುತ್ತದೆ, ಕೆಲವು ಬ್ಲಾಕಿಗೆ ಐದು ಸಲ ಬೇಕಾಯಿತು. ಬಳಿಕ ಕಣಕ್ಕೆ ಅಂಟಿದ ಪಾಲನ್ನು ಬಿಡಿಸಲು 20 ಲೀಟರ್ ನೀರಿಗೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ, ಅದರಲ್ಲಿ 24 ಗಂಟೆ ನೆನೆಯಲು ಬಿಟ್ಟು, ಹಿಂಡಿ, ಒಮ್ಮೆ ಬರೀ ನೀರಿನಲ್ಲಿ ಜಾಲಿಸಿ ತೆಗೆಯಬೇಕು. ಲೇಬಲ್ಲಿನ ‘ವಾಶ್ಡ್’ ಎಂಬ ಮಾತಿನಲ್ಲಿ ಈ ಎರಡನೇ ಹಂತ ಸೇರಿಲ್ಲ. ‘ಬಫರ್ಡ್’ (ಈ ಹಂತವನ್ನೂ ಮುಗಿಸಿದ್ದು) ಎಂದು ಬರೆದ ಬ್ಲಾಕಿಗೆ ಬೆಲೆ ಹೆಚ್ಚು. ಹತ್ತಾರು ಚೀಲದವರು ಅದನ್ನೇ ಕೊಳ್ಳುವುದು ಲಾಭ.

ಗುಣಮಟ್ಟ ಒಂದೊಂದು ಸರಕಿಗೆ ಒಂದೊಂದು ಥರ. ತಿಪಟೂರು, ಅರಸೀಕೆರೆ ಕಡೆ ನಾರಿನ ಮಿಲ್ಲುಗಳ ಪಕ್ಕ ಗುಡ್ಡೆ ಬಿದ್ದಿರುವುದೂ ಇದೇ ಪುಡಿ. ಕಾಂಕ್ರೀಟ್ ಕಣದಲ್ಲಿ ಒಣಗಿಸದೆ ನೆಲದ ಮೇಲೇ ಒಣಗಿಸಿದರೆ ಮರಳು, ಕಳೆಬೀಜ ಎರಡೂ ಸೇರಿಕೊಳ್ಳುತ್ತವೆ. ಒಂದು ಹಿಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕದಡಿ ನೋಡಿ: ಪುಡಿ ಮೇಲೆ ತೇಲುತ್ತದೆ, ಮರಳು ತಳ ಹಿಡಿಯುತ್ತದೆ.

ಕೋಕೋಪೀಟಿನಲ್ಲಿ ಪೊಟ್ಯಾಸಿಯಂ ಒಂದನ್ನು ಬಿಟ್ಟರೆ ಗಿಡಕ್ಕೆ ಹೇಳಿಕೊಳ್ಳುವಂಥ ಆಹಾರವಿಲ್ಲ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 19:19:19 ಗೊಬ್ಬರ (ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾ ಪಾಲು) ಇಲ್ಲಿ ಸಾಲದು. ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಸಾರಜನಕದ ಅರ್ಧಕ್ಕಿಂತ ಹೆಚ್ಚು ಪಾಲು ಯೂರಿಯಾ ರೂಪದ್ದು, ಯೂರಿಯಾ ಟಿಡಿಎಸ್ ಮೀಟರಿಗೆ ಕಾಣುವುದೇ ಇಲ್ಲ. ಕಾಯಿ ಬಿಡುವ ಟೊಮೆಟೊಗೆ ಸರಿಹೋದ ಅಳತೆ, 20 ಲೀಟರ್ ನೀರಿಗೆ: 13:0:45 (ಪೊಟ್ಯಾಸಿಯಂ ನೈಟ್ರೇಟ್) ಎಂಟು ಗ್ರಾಂ, 0:52:34 (ಮೊನೊ ಪೊಟ್ಯಾಸಿಯಂ ಫಾಸ್ಫೇಟ್) ನಾಲ್ಕು ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ ಎಂಟು ಗ್ರಾಂ, ಜೊತೆಗೆ ಲೇಬಲ್ಲಿನ ಪ್ರಕಾರ ಕೀಲೇಟೆಡ್ ಲಘುಪೋಷಕಾಂಶ. ಇವೆಲ್ಲ ಕರಗಿದ ಮೇಲೆ, ಬೇರೆ ಮಗ್ಗಿನಲ್ಲಿ ಕರಗಿಸಿಟ್ಟ 15 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಸುರಿಯಬೇಕು. ಒಂದೇ ಮಗ್ಗಿನಲ್ಲಿ ಗಟ್ಟಿಯಾಗಿ ಕಲಸಿದರೆ ಜಿಪ್ಸಂ ಆಗಿ ಬೆಳ್ಳಗೆ ತಳ ಸೇರುತ್ತದೆ. ಕಾವೇರಿ ನೀರಾದರೆ ಮೀಟರು 1,000 ಪಿಪಿಎಂ ಹತ್ತಿರ ನಿಲ್ಲುತ್ತದೆ. ಗಡಸು ಬೋರ್‌ವೆಲ್ ನೀರಿನಲ್ಲಿ ಪಿಎಚ್ ಏರುತ್ತಲೇ ಹೋಗುತ್ತದೆ, 6ರ ಹತ್ತಿರಕ್ಕೆ ಇಳಿಸದಿದ್ದರೆ ಹೊಸ ಚಿಗುರು ಹಳದಿಯಾಗುತ್ತದೆ.

ನೀರು ಕೊಡುವಾಗ ಕಣ್ಣನ್ನು ನಂಬಬೇಡಿ. ಮೇಲಿನ ಪದರ ತೆಳು ಕಂದಾಗಿ ಒಣಗಿದಂತೆ ಕಂಡರೂ ಮೂರು ಇಂಚು ಕೆಳಗೆ ಹಿಂಡಿದರೆ ನೀರು ಬರುವಷ್ಟು ಹಸಿ ಇರುತ್ತದೆ. ಚೀಲ ಎತ್ತಿ ತೂಕ ನೋಡುವುದೇ ಸರಿ. ಕೊಟ್ಟಾಗಲೆಲ್ಲ ಹತ್ತರಲ್ಲಿ ಒಂದು ಪಾಲಾದರೂ ತಳದ ತೂತಿನಿಂದ ಹೊರಬರಲಿ, ಇಲ್ಲದಿದ್ದರೆ ಉಪ್ಪು ಕಟ್ಟುತ್ತದೆ.

ಎರಡನೇ ವರ್ಷದಲ್ಲಿ ಪುಡಿ ನುಣ್ಣಗಾಗಿ, ಚೀಲ ಕಾಲು ಭಾಗ ಕುಸಿದು, ನೀರು ಬಸಿಯುವುದು ನಿಧಾನವಾಯಿತು. ಸಣ್ಣ ಕಪ್ಪು ನೊಣಗಳೂ ಶುರುವಾದವು. ಮೊದಲೇ ನಾಲ್ಕನೇ ಒಂದು ಭಾಗ ಪರ್ಲೈಟ್ (ಹಗುರ ಬಿಳಿ ಖನಿಜದ ಹರಳು) ಬೆರೆಸಿದ್ದ ಚೀಲಗಳು ಇನ್ನೂ ಕುಸಿಯದೆ ನಿಂತಿವೆ. ಪೈಪಿನಲ್ಲಿ ನೀರು ಹರಿಯುವ ಎನ್‌ಎಫ್‌ಟಿ ವ್ಯವಸ್ಥೆಗೆ ಮಾತ್ರ ಇದನ್ನು ಒಯ್ಯಬೇಡಿ, ಉದುರಿದ ಪುಡಿ ಪಂಪಿನ ಜಾಲರಿ ಕಟ್ಟಿಸುತ್ತದೆ. ಅಲ್ಲಿಗೆ ಕ್ಲೇ ಬಾಲ್ (ಸುಟ್ಟ ಜೇಡಿಮಣ್ಣಿನ ಗುಂಡು) ಸರಿ. ಎರಡು ಬೆಳೆ ತೆಗೆದ ಹಳೆಯ ಪುಡಿಯನ್ನು ಬೇರು ಆರಿಸಿ ಕರಿಬೇವಿನ ಕುಂಡದ ಮಣ್ಣಿಗೆ ಬೆರೆಸಬಹುದು.