ರಾತ್ರಿ ಮಲಗುವ ಮುಂಚೆ ಯಾವ ಆಮಿಶ್ ಕಾದಂಬರಿ? ನಾಲ್ವರು ಲೇಖಕಿಯರನ್ನು ಓದಿ ನೋಡಿದೆ

ಆಮಿಶರು ಅಂದರೆ ಅಮೆರಿಕದಲ್ಲಿ ಕಾರು, ಕರೆಂಟು ದೂರವಿಟ್ಟು ಹಳೆಯ ಕಾಲದ ಹಾಗೆ ಸಾದಾ ಬದುಕು ನಡೆಸುವ ಒಂದು ಕ್ರೈಸ್ತ ಪಂಗಡ. ಅವರ ಬದುಕಿನ ಸುತ್ತ ಹೆಣೆದ ಆಮಿಶ್ ಪ್ರೇಮಕಥೆಗಳ ಮುಖಪುಟಗಳನ್ನು ಸಾಲಾಗಿ ಇಟ್ಟರೆ ಯಾವುದು ಯಾರದು ಅಂತ ಹೇಳುವುದೇ ಕಷ್ಟ. ಬಿಳಿ ಟೋಪಿಯ ಹುಡುಗಿ, ಹಿಂದೆ ಹೊಲ, ದೂರದಲ್ಲೊಂದು ಕುದುರೆಗಾಡಿ. ಒಳಗೆ ಮಾತ್ರ ಒಂದೊಂದು ಒಂದೊಂದು ಥರ. ನಾನು ಇವನ್ನು ಓದುವುದು ಕೆಲಸವೆಲ್ಲ ಮುಗಿದ ಮೇಲೆ, ಮನಸ್ಸು ಸ್ವಲ್ಪ ತಣ್ಣಗಾಗಲಿ ಅಂತ. ಹಾಗಾಗಿ ಪುಸ್ತಕ ಮುಚ್ಚಿದ ಮೇಲೆ ನೆಮ್ಮದಿಯಾಗಿ ನಿದ್ದೆ ಬರುತ್ತದಾ ಅನ್ನುವುದೊಂದೇ ನನ್ನ ಪರೀಕ್ಷೆ.

ಮೊದಲು ಬೆವರ್ಲಿ ಲೂಯಿಸ್. ಈ ಬಗೆಯ ಕಥೆಗಳಿಗೆ ಇಷ್ಟು ದೊಡ್ಡ ಮಾರುಕಟ್ಟೆ ಆಗಿದ್ದೇ 1997ರಲ್ಲಿ ಬಂದ ಅವರ 'ದಿ ಶನ್ನಿಂಗ್' ಇಂದ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಕೇಟಿ ಲ್ಯಾಪ್ ಅನ್ನುವ ಹುಡುಗಿಗೆ ಹೆಂಡತಿ ತೀರಿಕೊಂಡ ಬಿಷಪ್ ಜೊತೆ ಮದುವೆ ಗೊತ್ತಾಗಿರುತ್ತದೆ. ಅಷ್ಟರಲ್ಲಿ ಅಟ್ಟದ ಮೇಲೆ ಸ್ಯಾಟಿನ್‌ನ ಒಂದು ಪುಟ್ಟ ಗೌನು ಸಿಗುತ್ತದೆ, ಕೂಸಿಗೆ ಹಾಕುವಂಥದ್ದು. ಸಾದಾ ಬಟ್ಟೆ ಬಿಟ್ಟು ಬೇರೇನೂ ಮುಟ್ಟದ ಮನೆಯಲ್ಲಿ ಸ್ಯಾಟಿನ್ ಎಲ್ಲಿಂದ ಬಂತು? ಅಲ್ಲಿಂದ ಪುಸ್ತಕ ಕೆಳಗಿಡಲು ಆಗುವುದಿಲ್ಲ. ಆದರೆ ಹೆಸರೇ ಹೇಳುವಂತೆ ಇದು ಬಹಿಷ್ಕಾರದ ಕಥೆ. ಆಮಿಶರಲ್ಲಿ ದೀಕ್ಷಾಸ್ನಾನ ಆಗುವುದು ದೊಡ್ಡವರಾದ ಮೇಲೆ, ಅವರೇ ಒಪ್ಪಿಕೊಂಡ ಮೇಲೆ. ಅಲ್ಲಿಯವರೆಗೆ ಮಾಡಿದ ತಪ್ಪಿಗೆ ಒಂದಷ್ಟು ಸಡಿಲವಿದೆ, ಆಮೇಲೆ ಕಟ್ಟಳೆ ಮೀರಿದರೆ ಹೊರಗೆ. ಒಂದೇ ಮೇಜಿನಲ್ಲಿ ಊಟ ಇಲ್ಲ, ಅವರ ಕೈಯಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ. ನಮ್ಮ ಊರುಗಳಲ್ಲಿ ಕುಲದಿಂದ ಹೊರಗೆ ಹಾಕಿದ ಮನೆಗಳ ಕಥೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳ್ಳೆಯ ಕಾದಂಬರಿ, ನಿದ್ದೆಗೆ ಮಾತ್ರ ಒಳ್ಳೆಯದಲ್ಲ. ಅದೂ ಅಲ್ಲದೆ ಕಥೆ ಒಂದೇ ಪುಸ್ತಕದಲ್ಲಿ ಮುಗಿಯುವುದೂ ಇಲ್ಲ, ಸರಣಿಯ ಮೂರು ಪುಸ್ತಕಗಳನ್ನೂ ಜೊತೆಗಿಟ್ಟುಕೊಂಡೇ ಕೂರಬೇಕು.

ಸಿಂಡಿ ವುಡ್ಸ್‌ಮಾಲ್ ಅವರ 'ವೆನ್ ದ ಹಾರ್ಟ್ ಕ್ರೈಸ್' (2006) ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಲ್ಲೂ ನಾಯಕಿ ಲ್ಯಾಪ್ ಮನೆತನದವಳೇ, ಹ್ಯಾನಾ ಅಂತ. (ಲ್ಯಾಂಕಾಸ್ಟರ್‌ನಲ್ಲಿ ಬೆರಳೆಣಿಕೆಯಷ್ಟು ಮನೆತನದ ಹೆಸರುಗಳೇ ಎಲ್ಲೆಲ್ಲೂ ಇರುವುದು, ಲೇಖಕಿಯರನ್ನು ಬೈಯುವಂತಿಲ್ಲ.) ಪ್ರೀತಿಸಿದವನು ಮದುವೆಗೆ ಕೇಳಿದ ದಿನವೇ, ಮನೆಗೆ ನಡೆದು ಹೋಗುವಾಗ, ಅವಳ ಮೇಲೆ ಅತ್ಯಾಚಾರ ಆಗುತ್ತದೆ. ಮುಖಪುಟ ನೋಡಿ ಹಿತವಾದ ಓದು ಅಂತ ತೆಗೆದುಕೊಳ್ಳುವವರಿಗೆ ಇದು ಮೊದಲೇ ಗೊತ್ತಿರಲಿ.

ಏಮಿ ಕ್ಲಿಪ್ಸ್‌ಟನ್ ಅವರ 'ಎ ಗಿಫ್ಟ್ ಆಫ್ ಗ್ರೇಸ್' ಪೂರ್ತಿ ಬೇರೆ ದಾರಿ. ಬರ್ಡ್-ಇನ್-ಹ್ಯಾಂಡ್ ಅನ್ನುವ ಊರು, ಮನೆಯವರೇ ನಡೆಸುವ ಬೇಕರಿ. ಮಕ್ಕಳಿಲ್ಲದ ರೆಬೆಕಾಳ ಮನೆಗೆ, ಅಪ್ಪ ಅಮ್ಮನನ್ನು ಕಳೆದುಕೊಂಡ ಅಕ್ಕನ ಮಕ್ಕಳಿಬ್ಬರು ಹೊರಗಿನ ಲೋಕದಿಂದ ಬರುತ್ತಾರೆ. ದುಃಖ ಇಲ್ಲೂ ಇದೆ, ಆದರೆ ಎಲ್ಲರಿಗೂ ಒಳ್ಳೆಯದೇ ಆಗುತ್ತದೆ ಅನ್ನುವ ಭರವಸೆ ಮೊದಲ ಅಧ್ಯಾಯದಿಂದಲೇ ಇರುತ್ತದೆ. ಬೇಕರಿ ಅಡುಗೆಯ ವಿಧಾನಗಳನ್ನೂ ಕೊಟ್ಟಿದ್ದಾರೆ. ಓದಿ ಬಾಯಲ್ಲಿ ನೀರು ಬಂತು, ಅಷ್ಟೇ, ಮಾಡಲು ಹೋಗಲಿಲ್ಲ. ಕಿರಿಕಿರಿ ಒಂದೇ: ಏನೇ ಆದರೂ ದೇವರ ಇಚ್ಛೆ ಅನ್ನುವ ಮಾತು ಪದೇ ಪದೇ ಬರುತ್ತದೆ, ಒಮ್ಮೊಮ್ಮೆ ಸಾಕಪ್ಪಾ ಅನಿಸುತ್ತದೆ.

ನನ್ನ ಓಟು ಲಿಂಡಾ ಬೈಲರ್‌ಗೆ. ಬೈಲರ್ ಸ್ವತಃ ಆಮಿಶ್ ಮನೆಯಲ್ಲಿ ಬೆಳೆದು ಇವತ್ತಿಗೂ ಆ ಸಭೆಯಲ್ಲೇ ಇರುವವರು. ಉಳಿದ ಮೂವರೂ ಹೊರಗಿನಿಂದ ನೋಡಿ ಬರೆದವರು. ವ್ಯತ್ಯಾಸ ಎರಡು ಪುಟದಲ್ಲೇ ತಿಳಿಯುತ್ತದೆ. ಹೊರಗಿನವರ ಪುಸ್ತಕದಲ್ಲಿ ಸೀಮೆಎಣ್ಣೆ ದೀಪ ಹಚ್ಚಿದರೂ ಅದಕ್ಕೊಂದು ವಿವರಣೆ, ಟೋಪಿ ಕಟ್ಟಿಕೊಂಡರೂ ವಿವರಣೆ. ಬೈಲರ್‌ಗೆ ಅದು ಮನೆಯ ದೀಪ, ಹೇಳುವುದಕ್ಕೇನಿದೆ? ಅವರ ಕಾದಂಬರಿಯ ನಾಯಕಿ ಲಿಜ್ಜಿಗೆ ಮನೆಕೆಲಸ ಅಂದರೆ ಆಗದು, ಜೋರಾಗಿ ಓಡುವ ಕುದುರೆ ಅಂದರೆ ಪ್ರಾಣ. ಅಕ್ಕ ತಂಗಿಯರಾದ ಎಮಾ, ಮ್ಯಾಂಡಿ ಜೊತೆ ಮಾತು ಮಾತಿಗೂ ಜಗಳ. ಬೇರೆಯವರ ನಾಯಕಿಯರು ಇಲ್ಲೇ ಇರಲಾ ಬಿಟ್ಟು ಹೋಗಲಾ ಅಂತ ಒದ್ದಾಡುವ ಹೊತ್ತಿಗೆ ಲಿಜ್ಜಿಯ ಮನೆಯಲ್ಲಿ ಪಾತ್ರೆ ಯಾರು ತೊಳೆಯಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಹಿಂದೆ ಬಾಡಿಗೆ ಲೈಬ್ರರಿಯಿಂದ ತಂದು ಓದುತ್ತಿದ್ದೆವಲ್ಲ, ಆ ಸಾಂಸಾರಿಕ ಕಾದಂಬರಿಗಳ ರುಚಿಯೇ ಇದು. ಲಿಜ್ಜಿಯ ಗೊಣಗಾಟ ಅತಿಯಾಗಿ ಬೆನ್ನಿಗೊಂದು ಗುದ್ದೋಣ ಅನಿಸುವುದೂ ಉಂಟು. ಅಧ್ಯಾಯಕ್ಕೆ ಅಧ್ಯಾಯವೇ ಏನೂ ನಡೆಯದೆ ಮುಗಿಯುತ್ತದೆ, ನನಗೆ ಬೇಕಾಗಿದ್ದೂ ಅದೇ.

ಯಾರದ್ದೇ ಓದಿ, ಮದುವೆಯ ಭಾಗ ತಪ್ಪಿಸಬೇಡಿ. ಲ್ಯಾಂಕಾಸ್ಟರ್‌ನಲ್ಲಿ ಮದುವೆಗಳು ಹೆಚ್ಚಾಗಿ ಕೊಯ್ಲು ಮುಗಿದ ಮೇಲೆ, ನವೆಂಬರ್ ಸುಮಾರಿಗೆ, ಮಂಗಳವಾರ ಇಲ್ಲವೇ ಗುರುವಾರ. ನಿಶ್ಚಯವಾಗಿದ್ದನ್ನು ಮದುವೆ ಹತ್ತಿರ ಬರುವವರೆಗೆ ಗುಟ್ಟಾಗಿ ಇಡುವುದು ಹಳೆಯ ರೂಢಿ. ಆದರೆ ಮದುವೆ ಊಟಕ್ಕೆ ಸೆಲರಿ ಅನ್ನುವ ತರಕಾರಿ ರಾಶಿಗಟ್ಟಲೆ ಬೇಕು. ಹುಡುಗಿಯ ಅಮ್ಮ ಹಿತ್ತಲಿನಲ್ಲಿ ಆ ವರ್ಷ ನಾಲ್ಕು ಸಾಲು ಜಾಸ್ತಿ ಸೆಲರಿ ಹಾಕಿದಳೋ, ಅಕ್ಕಪಕ್ಕದವರು ಸುಮ್ನೆ ಇರ್ತಾರಾ?

ಒಂದು ಮಾತು ಮಾತ್ರ ನನ್ನನ್ನು ಬಿಡದೆ ಕಾಡುತ್ತದೆ. ಈ ಹುಡುಗಿಯರ ಶಾಲೆ ಎಂಟನೇ ಕ್ಲಾಸಿಗೇ ಮುಗಿಯುತ್ತದೆ. ಅದಕ್ಕೆ 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಒಪ್ಪಿಗೆ ಕೊಟ್ಟಿದೆ. ಈ ನಾಲ್ಕರಲ್ಲಿ ಮುಂದೆ ಓದಬೇಕು ಅಂತ ಹಟ ಹಿಡಿದ ಹುಡುಗಿಯೇ ಕಥೆಯಾದದ್ದು ಒಂದೂ ಇಲ್ಲ. ಅಂಥ ಕಥೆ ಯಾರಾದರೂ ಬರೆದರೆ ಅದನ್ನು ಹಗಲು ಹೊತ್ತಿನಲ್ಲಿ ಓದುತ್ತೇನೆ. ರಾತ್ರಿಗೆ ಬೈಲರ್, ತೀರಾ ಸುಸ್ತಾದ ದಿನ ಕ್ಲಿಪ್ಸ್‌ಟನ್, ಲೂಯಿಸ್ ಏನಿದ್ದರೂ ಮರುದಿನ ರಜೆ ಇದ್ದಾಗ.