ಗೋಡೆ ಮುಚ್ಚೋಕೆ ಮುಂಚೆ ನೆಟ್‌ವರ್ಕ್ ಕೇಬಲ್ ಟೆಸ್ಟ್ ಮಾಡಿಸ್ಕೊಳ್ಳಿ, ನಾನು ಮಾಡಿಸ್ಲಿಲ್ಲ

ಮನೆ ಕಟ್ಟಿಸ್ತಿರೋರು, ಅದ್ರಲ್ಲೂ ಇನ್ನೂ ಪ್ಲಾಸ್ಟರಿಂಗ್ ಆಗದೇ ಇರೋರು, ಇದನ್ನ ಓದ್ಬಿಟ್ಟು ಆಮೇಲೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.

ನಮ್ದು ಮೈಸೂರಲ್ಲಿ 30 ಬೈ 40 ಸೈಟು, ಡ್ಯೂಪ್ಲೆಕ್ಸ್. ನಂಗೆ ವಾರದಲ್ಲಿ ನಾಲ್ಕು ದಿನ ವರ್ಕ್ ಫ್ರಂ ಹೋಮ್, ಮಧ್ಯದಲ್ಲಿ ಮೌಲ್ಡ್ ಬರುತ್ತಲ್ಲ, ಮೇಲಿನ ರೂಮಿಗೆ ವೈಫೈ ಸರಿಯಾಗಿ ಸಿಗಲ್ಲ ಅಂತ ಗೊತ್ತಿತ್ತು, ಹಾಗಾಗಿ ಮೇಲಕ್ಕೆ ಎರಡು, ಕೆಳಗೆ ಟಿವಿ ಹತ್ರ ಒಂದು, ಒಟ್ಟು ಮೂರು ಕಡೆ ಕ್ಯಾಟ್ 6 ಅನ್ನೋ ನೆಟ್‌ವರ್ಕ್ ಕೇಬಲ್ ಗೋಡೆ ಒಳಗೇ ಎಳೀಬೇಕು ಅಂತ ಮೊದಲೇ ಹೇಳಿದ್ದೆ. "ಅದೇನ್ ಸಾರ್, ವೈರ್ ತಾನೇ, ಎಳ್ದ್ಬಿಡೋಣ" ಅಂದ್ರು ಎಲೆಕ್ಟ್ರಿಷಿಯನ್. ಆ ಮಾತಲ್ಲೇ ನಂಗೆ ಅರ್ಥ ಆಗ್ಬೇಕಿತ್ತು.

ಗೃಹಪ್ರವೇಶ ಆಯ್ತು, 300 ಎಂಬಿಪಿಎಸ್ ಪ್ಲಾನ್ ಹಾಕಿಸ್ದೆ. ಕೆಳಗೆ ರೂಟರ್‌ಗೇ ಲ್ಯಾಪ್‌ಟಾಪ್ ಚುಚ್ಚಿದ್ರೆ 300 ಬರುತ್ತೆ, ಮೇಲೆ ಗೋಡೆ ಪಾಯಿಂಟ್‌ಗೆ ಚುಚ್ಚಿದ್ರೆ 94. ಬೆಳಿಗ್ಗೆನೂ 94, ರಾತ್ರಿ ಹನ್ನೊಂದಕ್ಕೂ 94. ಇನ್ನೊಂದು ಪಾಯಿಂಟ್ ಅಂತೂ ಮನಸ್ಸಾದ್ರೆ ಬರುತ್ತೆ, ಇಲ್ದಿದ್ರೆ ಇಲ್ಲ. ನಾನು ಇಂಟರ್ನೆಟ್ ಕೊಟ್ಟೋರಿಗೆ ಫೋನ್ ಮೇಲೆ ಫೋನ್ ಮಾಡಿ ಬೈದೆ. ಮೂರನೇ ಸಲ ಬಂದ ಹುಡುಗ ಪಾಪ ಸಮಾಧಾನವಾಗಿ ಹೇಳ್ದ, "ಸಾರ್, ಯಾವಾಗ್ಲೂ 94ಕ್ಕೇ ನಿಲ್ತಿದೆ ಅಂದ್ರೆ ಲಿಂಕ್ 100ಕ್ಕೆ ಇಳಿದಿದೆ, ಪ್ರಾಬ್ಲಮ್ ನಮ್ ಲೈನಲ್ಲಿಲ್ಲ, ನಿಮ್ ಗೋಡೇಲಿದೆ". ಆ ಕೇಬಲ್ ಒಳಗೆ ಎಂಟು ಎಳೆ, ನಾಲ್ಕು ಜೋಡಿ ಇರುತ್ತೆ, ಗಿಗಾಬಿಟ್‌ಗೆ, ಅಂದ್ರೆ 1000 ಎಂಬಿಪಿಎಸ್‌ಗೆ, ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡೇ ಸಾಕು. ಉಳಿದೆರಡು ಜೋಡೀಲಿ ಒಂದು ಕೈ ಕೊಟ್ರೂ ನೆಟ್ ಬರ್ತಾನೇ ಇರುತ್ತೆ, ಆದ್ರೆ ಕುಂಟ್ಕೊಂಡು. ಅವನ ಹತ್ರ ಸಾರಿ ಕೇಳಿ ಕಾಫಿ ಕೊಟ್ಟು ಕಳ್ಸಿದೆ.

ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಲ್ಲಿ ಒಂದು ಸಾದಾ ನೆಟ್‌ವರ್ಕ್ ಕೇಬಲ್ ಟೆಸ್ಟರ್ ತಂದೆ. ಎರಡೂ ತುದಿಗೆ ಹಾಕಿದ್ರೆ ಒಂದರಿಂದ ಎಂಟರವರೆಗೆ ಲೈಟ್ ಒಂದಾದ್ಮೇಲೆ ಒಂದು ಮಿನುಗ್ಬೇಕು. ನಮ್ದು ಒಂದು, ಎರಡು, ಮೂರು, ಆಮೇಲೆ ಕತ್ತಲು, ಕತ್ತಲು, ಆರು, ಏಳು, ಎಂಟು. ನಾಲ್ಕು ಐದು ಅಂದ್ರೆ ನೀಲಿ ಜೋಡಿ. ತುದಿಲಿರೋ ಕನೆಕ್ಟರ್ ಎರಡು ಸಲ ಬದಲಾಯಿಸಿ ನೋಡ್ದೆ, ಅದೇ ಕತ್ತಲು.

ಕೊನೆಗೆ ಹಾಲಿನ ಪಿಒಪಿ ಸೀಲಿಂಗ್ ಕೊರೆಸ್ಬೇಕಾಯ್ತು. ಒಳಗೆ ನೋಡಿದ್ರೆ ಕೇಬಲ್ ಮೂರಡಿ ಕಮ್ಮಿ ಬಿದ್ದಿದೆ ಅಂತ ಇನ್ನೊಂದು ತುಂಡು ಸೇರಿಸಿ, ಫ್ಯಾನ್ ವೈರ್ ಜಾಯಿಂಟ್ ಮಾಡೋ ಥರ ಎಂಟೂ ಎಳೆ ಕೈಯಲ್ಲೇ ತಿರುಚಿ, ಕರಿ ಟೇಪ್ ಸುತ್ತಿ ಬಿಟ್ಟಿದ್ದಾರೆ! ನೀಲಿ ಎಳೆ ಮುಟ್ಟಿದ ತಕ್ಷಣ ಮುರ್ಕೊಂಡು ಕೈಗೇ ಬಂತು. ಬ್ಲೇಡಲ್ಲಿ ಕೆರೆದ್ರೆ ತಾಮ್ರದ ಬಣ್ಣ ಹೋಗಿ ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಸಿಸಿಎ ಅಂತಾರೆ ಇದಕ್ಕೆ. ಮೇಲೆ ಬಸಪ್ಪ ಒಳಗೆ ವಿಷಪ್ಪ ಅಂತಾರಲ್ಲ, ಅದೇ ಕಥೆ. ಜಾಕೆಟ್ ಮೇಲೆ ಮಾತ್ರ ಚೆನ್ನಾಗಿ ಕ್ಯಾಟ್ 6 ಅಂತ ಪ್ರಿಂಟ್ ಇದೆ, ನಿಜವಾದ ಕ್ಯಾಟ್ 6ಗೆ ಪೂರ್ತಿ ತಾಮ್ರನೇ ಇರ್ಬೇಕು. ಅಲ್ಯೂಮಿನಿಯಂ ಎರಡು ಸಲ ಬಗ್ಗಿಸಿದ್ರೆ ಮುರಿಯುತ್ತೆ, ರೆಸಿಸ್ಟೆನ್ಸೂ ಜಾಸ್ತಿ, ಇದೇ ಕೇಬಲಲ್ಲಿ ಸಿಸಿಟಿವಿ ಕ್ಯಾಮೆರಾಗೆ ಪವರ್ ಕಳ್ಸೋಕೆ ಹೋದ್ರೆ ಬಿಸಿ ಬೇರೆ ಆಗುತ್ತೆ. ಅಂಗಡಿಯವ್ನು ಮೋಸ ಮಾಡಿದ್ನೋ ಇವ್ರೇ ಅಗ್ಗದ್ದು ಕೇಳಿ ತಂದ್ರೋ ಗೊತ್ತಿಲ್ಲ.

ಇದಕ್ಕಿಂತ ಭಯ ಆಗಿದ್ದು ಬೇರೆ. ಅದೇ ಮುಕ್ಕಾಲು ಇಂಚು ಪೈಪಲ್ಲಿ 230 ವೋಲ್ಟ್ ಕರೆಂಟ್ ವೈರ್ ಕೂಡ ಎಳೆದಿದ್ರು. ಎಳೆಯೋವಾಗ ಯಾವ್ದಾದ್ರೂ ವೈರ್ ಮೈ ಕೆರೆದಿದ್ರೆ ಆ ಕರೆಂಟು ನನ್ನ ಲ್ಯಾಪ್‌ಟಾಪ್‌ಗೆ, ಅಲ್ಲಿಂದ ನನ್ನ ಕೈಗೆ. ನೆಟ್‌ವರ್ಕ್ ಕೇಬಲ್ ಮೇಲಿನ ಪ್ಲಾಸ್ಟಿಕ್ಕು ಮೈನ್ಸ್ ತಡೆಯೋಕೆ ಅಂತ ಮಾಡಿದ್ದಲ್ಲ. ಬೇರೆ ಪೈಪು, ಬೇರೆ ಬಾಕ್ಸು, ಇದ್ರಲ್ಲಿ ಮಾತ್ರ ಚೌಕಾಸಿ ಮಾಡ್ಬೇಡಿ.

ಸರಿ, ಹಳೇದು ಎಳೆದು ಹಾಕಿ ಹೊಸದು ತೂರಿಸೋಣ ಅಂದ್ರೆ ಅದೂ ಆಗ್ಲಿಲ್ಲ. ಪೈಪಲ್ಲಿ ವೈರ್ ಎಳೆಯೋಕೆ ತೂರಿಸೋ ಸ್ಪ್ರಿಂಗ್ ಅರ್ಧಕ್ಕೇ ನಿಲ್ತು. ಮೌಲ್ಡ್ ಒಳಗೆ ದೊಡ್ಡ ಬೆಂಡ್ ಹಾಕೋ ಕಡೆ ತಟ್ಟನೆ ತಿರುಗೋ ಎಲ್ಬೋ ಹಾಕಿದ್ದಾರೆ, ಕಾಂಕ್ರೀಟ್ ಸುರಿಯೋವಾಗ ಪೈಪ್ ಬಾಯಿ ಮುಚ್ಚದೆ ಸಿಮೆಂಟ್ ನೀರು ಒಳಗೆ ಹೋಗಿ ಗಟ್ಟಿಯಾಗಿದೆ. ಮೌಲ್ಡ್ ಒಡೆಯೋಕಾಗುತ್ತಾ? ಅದಕ್ಕೇ ಹೇಳ್ತಿರೋದು, ಕೇಬಲ್ ನಾಳೆ ಬೇಕಾದ್ರೂ ತರ್ಬೋದು, ಪೈಪ್ ದಾರಿ ನಾಳೆ ಸಿಗಲ್ಲ. ನೆಟ್‌ವರ್ಕ್‌ಗೆ ಅಂತಾನೇ ಒಂದಿಂಚಿನ ಪೈಪು, ಒಳಗೆ ಆಮೇಲೆ ಕೇಬಲ್ ಎಳೆಯೋಕೆ ಒಂದು ನೈಲಾನ್ ದಾರ ಹಾಕಿಸಿ, ಮೌಲ್ಡ್ ಹಾಕೋ ಹಿಂದಿನ ದಿನ ನೀವೇ ಮೇಲೆ ಹತ್ತಿ ಫೋಟೋ ತೆಗೀರಿ. ಕೇಬಲ್ ಬಾಕ್ಸ್ ನೀವೇ ತನ್ನಿ, ಒಂದು ಎಳೆ ಕೆರೆದು ನೋಡಿ. ಪ್ಲಾಸ್ಟರ್‌ಗೆ ಮುಂಚೆ ಒಂದ್ಸಲ, ಪುಟ್ಟಿಗೆ ಮುಂಚೆ ಇನ್ನೊಂದ್ಸಲ ಟೆಸ್ಟರ್ ಹಾಕಿ, ಅವ್ರು ಮುಖ ಸಿಂಡರಿಸಿದ್ರೂ ಪರವಾಗಿಲ್ಲ. ಟೆಸ್ಟ್ ಆಗೋವರೆಗೂ ಕೊನೇ ಪೇಮೆಂಟ್ ಕೊಡ್ಬೇಡಿ. ನಾನು ಗೃಹಪ್ರವೇಶದ ಗಡಿಬಿಡೀಲಿ ಪೂರ್ತಿ ಕೊಟ್ಬಿಟ್ಟೆ, ಈಗ ಫೋನೇ ಎತ್ತಲ್ಲ.

ಸದ್ಯಕ್ಕೆ ಮೆಟ್ಟಿಲು ಪಕ್ಕದಲ್ಲಿ ಬಿಳಿ ಕೇಸಿಂಗ್ ಹೊಡೆಸಿ ಒಳ್ಳೆ ತಾಮ್ರದ ಕೇಬಲ್ ಎಳೆಸಿದ್ದೀನಿ, ನೋಡೋಕೆ ದರಿದ್ರ, ಆದ್ರೆ 300 ಬರ್ತಿದೆ. ಟಿವಿ ಹತ್ರದ್ದು ಎಂಟೂ ಲೈಟ್ ಹತ್ತುತ್ತೆ, ಆದ್ರೂ ಅದೇ ಬಾಕ್ಸಿನ ಕೇಬಲ್ಲು, ಅದೂ ಕರೆಂಟ್ ವೈರ್ ಜೊತೆಗೇ ಮಲಗಿದ್ಯೋ ಏನೋ, ಈ ಭಾನುವಾರ ಮೈನ್ ಆಫ್ ಮಾಡಿ ಬೋರ್ಡ್ ಬಿಚ್ಚಿ ನೋಡ್ಬೇಕು.